ದೂರದವರ ಜೊತೆ ಸುದ್ದಿ-ಸಮಾಚಾರ: "ಏನಿಲ್ಲ, ಎಲ್ಲ ಆರಾಮ" ಅನ್ನುವುದರಾಚೆ ಹೋಗುವುದು ಹೇಗೆ?

ಅಂಚೆಪೆಟ್ಟಿಗೆ
ಒಡಹುಟ್ಟಿದವರು ಒಂದು ಕಡೆ, ಹಳೆಯ ಸ್ನೇಹಿತರು ಇನ್ನೊಂದು ಕಡೆ, ಹಿರಿಯರು ಮತ್ತೊಂದು ಕಡೆ ಇರುವ ಕಾಲ ಇದು. ಫೋನ್ ಎಲ್ಲರ ಕೈಯಲ್ಲೂ ಇದೆ. ಆದರೂ ಕರೆ ಮಾಡಿದರೆ "ಹೇಗಿದ್ದೀರಿ", "ಆರಾಮ", "ಮತ್ತೇನು", "ಏನಿಲ್ಲ" ಇಷ್ಟರಲ್ಲೇ ಮುಗಿಯುತ್ತದೆ. ಕೆಲಸ ಬದಲಾದದ್ದೋ, ಮಂಡಿ ಆಪರೇಷನ್ ಆದದ್ದೋ ಆರು ತಿಂಗಳ ನಂತರ ಮೂರನೆಯವರ ಬಾಯಿಂದ ತಿಳಿಯುತ್ತದೆ. "ಪ್ರೀತಿಯಿಂದ ಮಾತಾಡಿ" ಅನ್ನುವಂಥ ಸಲಹೆ ಇಲ್ಲಿ ಬೇಡ. ಏನು ಕೇಳಬೇಕು, ಯಾವುದಕ್ಕೆ ಕರೆ, ಯಾವುದಕ್ಕೆ ವಾಯ್ಸ್ ನೋಟ್, ಕಿವಿ ಮಂದವಾದವರ ಜೊತೆ ಹೇಗೆ, ಕೆಟ್ಟ ಸುದ್ದಿ ಹೇಗೆ ಮುಟ್ಟಿಸಬೇಕು, ಎಲ್ಲಿ ಎಡವಟ್ಟಾಗುತ್ತದೆ? ಗೊತ್ತಿರುವವರು ವಿವರವಾಗಿ ಬರೆಯಿರಿ.

ಸಂಜೆಮಾತು
ಮೊದಲು ಪ್ರಶ್ನೆಯನ್ನು ಸರಿ ಮಾಡಿಕೊಳ್ಳಬೇಕು. ಉಳಿದದ್ದೆಲ್ಲ ಆಮೇಲೆ.

"ಏನು ಸಮಾಚಾರ?" ಅಂದರೆ ಎದುರಿನವರು ಕಳೆದ ಇಡೀ ತಿಂಗಳನ್ನು ಜಾಲಾಡಿ, ಹೇಳಲು ಯೋಗ್ಯವಾದದ್ದು ಯಾವುದು ಅಂತ ಆ ಕ್ಷಣದಲ್ಲೇ ತೀರ್ಮಾನಿಸಬೇಕು. ಅಷ್ಟು ಕೆಲಸ ಯಾರೂ ಮಾಡುವುದಿಲ್ಲ, "ಏನಿಲ್ಲ" ಅಂದುಬಿಡುತ್ತಾರೆ. ಪ್ರಶ್ನೆಗೆ ಒಂದು ಗಡಿ ಹಾಕಿ ನೋಡಿ. ಅದು ಕಾಲದ ಗಡಿ ಆಗಬಹುದು: "ನಿನ್ನೆ ಸಂಜೆ ಆಫೀಸಿಂದ ಬಂದ ಮೇಲೆ ಏನು ಮಾಡಿದೆ?" ಹೆಸರಿನ ಗಡಿ ಆಗಬಹುದು: "ಆ ಹೊಸ ಮ್ಯಾನೇಜರ್ ಈಗ ಹೇಗಿದ್ದಾರೆ?" ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಹಿಂದಿನ ಮಾತಿನ ಬಾಲ ಹಿಡಿಯುವ ಪ್ರಶ್ನೆ: "ಹೋದ ಸಲ ಗೋಡೆ ಸೋರುತ್ತೆ ಅಂದಿದ್ರಲ್ಲ, ರಿಪೇರಿಯವರು ಬಂದ್ರಾ?" ಇದನ್ನು ಕೇಳಿಸಿಕೊಂಡವರಿಗೆ ತಮ್ಮ ಮಾತು ಇನ್ನೊಬ್ಬರ ನೆನಪಿನಲ್ಲಿ ಉಳಿದಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಅವರೇ ಬಿಚ್ಚಿ ಹೇಳುತ್ತಾರೆ. ಕರೆನ್ ಹುವಾಂಗ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡದ್ದು: ಹೆಚ್ಚು ಪ್ರಶ್ನೆ ಕೇಳುವವರು ಎದುರಿನವರಿಗೆ ಹೆಚ್ಚು ಇಷ್ಟವಾಗುತ್ತಾರೆ, ಅದರಲ್ಲೂ ಹೇಳಿದ ಮಾತಿನ ಬೆನ್ನು ಹತ್ತಿ ಹೋಗುವ ಪ್ರಶ್ನೆಗಳಿಂದ.

ಇದಕ್ಕೆ ನೆನಪಿನ ಶಕ್ತಿ ನಂಬಿ ಕೂರಬೇಡಿ. ಫೋನಿನ ಕಾಂಟ್ಯಾಕ್ಟ್‌ನಲ್ಲಿ ಪ್ರತಿ ಹೆಸರಿನಡಿ ಟಿಪ್ಪಣಿ ಬರೆಯುವ ಜಾಗ ಇರುತ್ತದೆ. ಕರೆ ಮುಗಿದ ಕೂಡಲೇ ಅಲ್ಲಿ ಒಂದೇ ಸಾಲು: ತಾರೀಖು, ಬಾಕಿ ಉಳಿದ ವಿಷಯ, ಹೊಸದಾಗಿ ಕೇಳಿದ ಹೆಸರು. "12 ಜೂನ್. ಮಗಳ ಫಲಿತಾಂಶ ತಿಂಗಳ ಕೊನೆಗೆ. ಪಕ್ಕದ ಮನೆಗೆ ಹೊಸಬರು." ಮುಂದಿನ ಕರೆಗೆ ಮುಂಚೆ ಓದಿಕೊಳ್ಳಲು ಹತ್ತು ಸೆಕೆಂಡ್ ಸಾಕು. ಕಾಯಿಲೆ, ದುಡ್ಡು, ಸಂಸಾರದ ಗುಟ್ಟು ಇವನ್ನು ಮಾತ್ರ ಅಲ್ಲಿ ಬರೆಯಬೇಡಿ. ಕಾಂಟ್ಯಾಕ್ಟ್ ಕಾರ್ಡನ್ನು ಇನ್ನೊಬ್ಬರಿಗೆ ಕಳಿಸುವಾಗ ಕೆಲವು ಫೋನುಗಳಲ್ಲಿ ಟಿಪ್ಪಣಿಯೂ ಜೊತೆಗೆ ಹೋಗುತ್ತದೆ.

ಎಡವುವ ಜಾಗ ಒಂದಿದೆ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರೆ ಅದು ವಿಚಾರಣೆ ಆಗಿಬಿಡುತ್ತದೆ. ಎರಡು ಕೇಳಿದ ಮೇಲೆ ನಿಮ್ಮದೊಂದು ಹೇಳಿ. ಅದಕ್ಕೆ ಕರೆಗೆ ಮುಂಚೆ ಮೂರು ಸುದ್ದಿ ಆರಿಸಿಟ್ಟುಕೊಳ್ಳಿ: ಮುಗಿದದ್ದು ಒಂದು, ನಡೆಯುತ್ತಿರುವುದು ಒಂದು, ತೀರಾ ಸಣ್ಣದು ಒಂದು. ನಡೆಯುತ್ತಿರುವುದು ಇರಲೇಬೇಕು, ಮುಂದಿನ ಸಲ ಅವರು "ಅದೇನಾಯ್ತು?" ಅಂತ ಕೇಳಲು ದಾರಿಯಾಗುವುದು ಅದೇ.

ನೇರನುಡಿ
ಸಣ್ಣ ಸುದ್ದೀನ ಬಿಡಬ್ಯಾಡ್ರಿ. ದೊಡ್ಡ ಸುದ್ದಿ ವರ್ಷಕ್ಕ ಎರಡೋ ಮೂರೋ ಬರತಾವು. ಅವಷ್ಟನ್ನ ಹೇಳಕೋತ ಕುಂತ್ರ ಉಳಿದ ದಿನ ಏನೂ ಇಲ್ಲ ಅನ್ನಬೇಕಾಗತದ. ಹೊಸ ಚಪ್ಪಲಿ ಕಚ್ಚಿದ್ದು, ಲಿಫ್ಟ್ ಕೆಟ್ಟಿದ್ದು, ಬೆಕ್ಕು ಮರಿ ಹಾಕಿದ್ದು ಇಂಥವು ದಿನಾ ಸಿಗತಾವು. ಇವನ್ನ ಕೇಳಿದವರಿಗೆ ನಿಮ್ಮ ದಿನ ಹೆಂಗದ ಅನ್ನೋದು ಕಣ್ಣಿಗೆ ಕಟ್ಟತದ.

ಧ್ವನಿಪೆಟ್ಟಿಗೆ
ವಾಯ್ಸ್ ನೋಟ್ ಬಗ್ಗೆ ಬರೀತೀನಿ. ಇಬ್ಬರಿಗೂ ಒಂದೇ ಹೊತ್ತಿಗೆ ಬಿಡುವು ಸಿಗದೇ ಇದ್ದಾಗ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಆದರೆ ಬಹಳ ಜನ ಇದನ್ನ ಕೆಡಿಸೋದು ಉದ್ದದಿಂದ. ಎರಡು ಮೂರು ನಿಮಿಷ ಮೀರಿದ್ದನ್ನ "ಆಮೇಲೆ ಕೇಳೋಣ" ಅಂತ ಪಕ್ಕಕ್ಕಿಡ್ತಾರೆ, ಆ ಆಮೇಲೆ ಬರೋದೇ ಇಲ್ಲ. ಮಾತು ಜಾಸ್ತಿ ಇದ್ರೆ ತುಂಡು ಮಾಡಿ, ಒಂದು ತುಂಡಿಗೆ ಒಂದು ವಿಷಯ. ಮೊದಲ ವಾಕ್ಯದಲ್ಲೇ ವಿಷಯ ಹೇಳಿಬಿಡಿ: "ಇದು ಮನೆ ಶಿಫ್ಟ್ ಮಾಡಿದ್ದರ ಬಗ್ಗೆ, ಅವಸರ ಇಲ್ಲ." ಅಕ್ಷರದ ಮೆಸೇಜಾದ್ರೆ ಕಣ್ಣಾಡಿಸಿ ತಿಳೀಬಹುದು, ಧ್ವನಿಯಲ್ಲಿ ಅದಾಗಲ್ಲ. ಗಾಬರಿ ಆಗೋ ವಿಷಯ ಅಲ್ಲ ಅಂತ ಮೊದಲೇ ಗೊತ್ತಾದ್ರೆ ಕೇಳುವವರಿಗೂ ನಿರಾಳ.

ವಾಟ್ಸಾಪ್‌ನಲ್ಲಿ ಮೈಕ್ ಗುರುತು ಒತ್ತಿ ಹಿಡಿದು ಮೇಲಕ್ಕೆ ಸರಿಸಿದ್ರೆ ರೆಕಾರ್ಡಿಂಗ್ ಲಾಕ್ ಆಗುತ್ತೆ, ಬೆರಳು ತೆಗೀಬಹುದು. ನಡುವೆ ತಡೆದು ನಿಲ್ಲಿಸಿ, ಕಳಿಸೋ ಮೊದಲು ಕೇಳಿ ನೋಡಬಹುದು. ಕೇಳುವವರು 1.5 ಅಥವಾ 2 ಪಟ್ಟು ವೇಗಕ್ಕೆ ಹಾಕ್ಕೋಬಹುದು, ಆದ್ರಿಂದ ನೀವು ಅವಸರದಲ್ಲಿ ಮಾತಾಡೋ ಅಗತ್ಯ ಇಲ್ಲ. ಮುಖ್ಯ ಮೈಕ್ ಸಾಮಾನ್ಯವಾಗಿ ಫೋನಿನ ಕೆಳಗಿನ ಅಂಚಲ್ಲಿರುತ್ತೆ. ಹಿಡಿಯೋ ಕೈ ಅದನ್ನ ಮುಚ್ಚಿದ್ರೆ ದನಿ ಗೊಗ್ಗರಾಗುತ್ತೆ. ಒಂದು ಗೇಣು ದೂರ ಇಟ್ಕೊಳ್ಳಿ, ನೇರ ಬಾಯಿ ಮುಂದೆ ಬೇಡ, ಸ್ವಲ್ಪ ಪಕ್ಕಕ್ಕಿರಲಿ. ಇಲ್ಲಾಂದ್ರೆ ಪ, ಬ, ಭ ಬಂದಾಗೆಲ್ಲ ಉಸಿರು ಮೈಕಿಗೆ ಬಡಿಯುತ್ತೆ. ಫ್ಯಾನ್ ಕೆಳಗೆ ಕೂತು ಮಾಡಿದ ರೆಕಾರ್ಡಿಂಗ್‌ನಲ್ಲಿ ಗಾಳಿಯದ್ದೇ ಸದ್ದು.

ನೇರನುಡಿ
ಒಂದು ಸೇರಸ್ತೀನ್ರಿ. ವಿಳಾಸ, ತಾರೀಖು, ಫೋನ್ ನಂಬರ್, ಗಾಡಿ ಹೊತ್ತು ಇವನ್ನ ಅಕ್ಷರದಾಗ ಬರದು ಕಳಸ್ರಿ. ಮೂರು ನಿಮಿಷದ ಧ್ವನಿಯೊಳಗ ಒಂದು ನಂಬರ್ ಹುಡುಕೋದು ಅಂದ್ರ ಕಷ್ಟದ ಕೆಲಸ.

ಕಿವಿಮಾತು
ಹಿರಿಯರ ಶ್ರವಣದ ವಿಷಯ ಬಂದದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. "ಅವರಿಗೆ ಮಾತಾಡಲು ಆಸಕ್ತಿಯಿಲ್ಲ" ಎಂದು ಮನೆಯವರು ಅಂದುಕೊಳ್ಳುವ ಎಷ್ಟೋ ಕಡೆ ನಿಜವಾದ ಕಾರಣ ಕಿವಿ.

ವಯಸ್ಸಿನಿಂದ ಬರುವ ಶ್ರವಣದೋಷದಲ್ಲಿ ಮೊದಲು ಹೋಗುವುದು ಎತ್ತರದ ಕಂಪನಾಂಕಗಳು, ಎಂದರೆ ತೆಳುವಾದ ಕೀಚು ದನಿಗಳು. ಸ್ವರಗಳ ಬಲವೆಲ್ಲ ತಗ್ಗಿನ ಕಂಪನಾಂಕದಲ್ಲಿರುವುದರಿಂದ ಅವು ಕೇಳಿಸುತ್ತವೆ. ಸ, ಶ, ಫ, ತ, ಕ ಇಂಥ ವ್ಯಂಜನಗಳು ಮಸುಕಾಗುತ್ತವೆ. ಹಾಗಾಗಿ "ಸದ್ದು ಕೇಳಿಸುತ್ತೆ, ಮಾತು ತಿಳಿಯಲ್ಲ" ಎನ್ನುವ ದೂರು. ಕಿರುಚಿದರೆ ಸ್ವರಗಳು ಇನ್ನಷ್ಟು ಜೋರಾಗುತ್ತವೆ, ವ್ಯಂಜನಗಳು ಅಷ್ಟೇ ಮಸುಕಾಗಿ ಉಳಿಯುತ್ತವೆ. ಜೊತೆಗೆ ದನಿಯಲ್ಲಿ ಸಿಟ್ಟು ಇದ್ದಂತೆ ಕೇಳಿಸುತ್ತದೆ. ದನಿಯ ಶ್ರುತಿಯನ್ನು (ಜೋರನ್ನಲ್ಲ) ತುಸು ತಗ್ಗಿಸಿ, ನಿಧಾನವಾಗಿ, ಪದ ಪದಕ್ಕೂ ಬಿಡುವು ಕೊಟ್ಟು ಮಾತಾಡಿ.

ಕರೆಯ ಬಗೆಯೂ ಮುಖ್ಯ. ಹಳೆಯ ಕಾಲದ ಟೆಲಿಫೋನ್ ಕರೆ ಸುಮಾರು 300ರಿಂದ 3400 ಹರ್ಟ್ಸ್ (ಕಂಪನಾಂಕದ ಅಳತೆ) ವರೆಗಿನ ದನಿಯನ್ನಷ್ಟೇ ದಾಟಿಸುತ್ತದೆ. ಸ ಅಕ್ಷರದ ದನಿಯ ಬಲ ಹೆಚ್ಚಾಗಿ ಅದಕ್ಕಿಂತ ಮೇಲಿದೆ, ಎಂದರೆ ದಾರಿಯಲ್ಲೇ ಕತ್ತರಿಸಿಹೋಗುತ್ತದೆ. 4ಜಿಯ ಎಚ್‌ಡಿ ಕರೆಯಲ್ಲಿ ಸುಮಾರು 7000 ಹರ್ಟ್ಸ್ ವರೆಗೆ ದಾಟುತ್ತದೆ, ಇಂಟರ್‌ನೆಟ್ ಕರೆಗಳೂ ಸಾಮಾನ್ಯವಾಗಿ ಅಷ್ಟೇ ಅಗಲ. ಸಾಮಾನ್ಯ ಕರೆಯಲ್ಲಿ ಮಾತು ತಿಳಿಯದಿದ್ದರೆ ಅದೇ ಮಾತನ್ನು ವೀಡಿಯೊ ಕರೆಯಲ್ಲಿ ಆಡಿ ನೋಡಿ. ದನಿ ಸ್ಪಷ್ಟವಾಗುತ್ತದೆ, ತುಟಿಯೂ ಕಾಣುತ್ತದೆ. ಅದಕ್ಕೆ ನಿಮ್ಮ ಮುಖದ ಮೇಲೆ ಬೆಳಕು ಬೀಳಬೇಕು: ಕಿಟಕಿ ನಿಮ್ಮ ಎದುರಿಗಿರಲಿ. ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ. ಫೋನನ್ನು ಕಣ್ಣಿನ ಮಟ್ಟಕ್ಕೆ ಆನಿಸಿಡಿ, ಕೈಯಲ್ಲಿ ಹಿಡಿದು ಓಡಾಡಬೇಡಿ.

ಕೇಳಿಸಲಿಲ್ಲ ಎಂದಾಗ ಅದೇ ವಾಕ್ಯವನ್ನು ಮೂರು ಸಲ ಹೇಳುವುದರಿಂದ ಪ್ರಯೋಜನ ಕಡಿಮೆ. ಒಂದು ಸಲ ಮರುಹೇಳಿ, ಆಮೇಲೆ ಪದ ಬದಲಿಸಿ. "ಶನಿವಾರ ಬರ್ತೀವಿ" ತಿಳಿಯದಿದ್ದರೆ "ಭಾನುವಾರದ ಹಿಂದಿನ ದಿನ ನಿಮ್ಮನೆಗೆ ಬರ್ತೀವಿ" ಎನ್ನಿ. ವಿಷಯ ಬದಲಿಸುವಾಗ ಹೇಳಿಯೇ ಬದಲಿಸಿ: "ಈಗ ಕೆಲಸದ ವಿಷಯ ಹೇಳ್ತೀನಿ." ಸಂದರ್ಭ ಗೊತ್ತಿದ್ದರೆ ಮಿದುಳು ಬಿಟ್ಟುಹೋದ ಅಕ್ಷರಗಳನ್ನು ತುಂಬಿಕೊಳ್ಳುತ್ತದೆ.

ಶ್ರವಣಯಂತ್ರ ಹಾಕುವವರು ಫೋನನ್ನು ಅಭ್ಯಾಸಬಲದಿಂದ ಕಿವಿಯ ತೂತಿಗೆ ಹಿಡಿಯುತ್ತಾರೆ. ಕಿವಿಯ ಹಿಂದೆ ಕೂರುವ ಯಂತ್ರದ ಮೈಕ್ ಕಿವಿಯ ಮೇಲ್ಭಾಗದಲ್ಲಿರುತ್ತದೆ. ಫೋನಿನ ಸ್ಪೀಕರ್ ಅಲ್ಲಿಗೆ ಹತ್ತಿರ ಬರಬೇಕು. ಸೀಟಿ ಹೊಡೆದಂತೆ ಸದ್ದು ಬಂದರೆ ಫೋನನ್ನು ತುಸು ಓರೆ ಮಾಡಿ, ಒತ್ತಿ ಹಿಡಿಯಬಾರದು. ಬ್ಲೂಟೂತ್ ಇರುವ ಯಂತ್ರವಾದರೆ ಫೋನಿಗೇ ಜೋಡಿಸಿಬಿಡಿ, ಎರಡೂ ಕಿವಿಗೆ ದನಿ ಬರುತ್ತದೆ. ಸುಲಭಕ್ಕೆ ತಿಳಿಯುವ ಗುರುತು ಒಂದಿದೆ. ಎಲ್ಲದಕ್ಕೂ "ಹೂಂ, ಹೂಂ" ಎಂದು, ಪ್ರಶ್ನೆಗೂ "ಹೂಂ" ಎಂದರೆ ಅವರಿಗೆ ತಿಳಿದಿಲ್ಲ.

ಅಂಚೆಪೆಟ್ಟಿಗೆ
ಕೊನೆಯ ಸಾಲು ತುಂಬ ಉಪಯುಕ್ತ. ಧನ್ಯವಾದ. ಹತ್ತು ಹನ್ನೆರಡು ಜನ ಒಟ್ಟಿಗೆ ಸೇರುವ ವೀಡಿಯೊ ಕರೆ ಯಾಕೆ ಯಾವಾಗಲೂ ಗದ್ದಲ ಆಗುತ್ತದೆ?

ಒಟ್ಟುಬಳಗ
ಎರಡು ಕಾರಣ. ಒಂದು ಜನಸಂಖ್ಯೆ. ರಾಬಿನ್ ಡನ್‌ಬಾರ್ ಮತ್ತು ಸಹೋದ್ಯೋಗಿಗಳು 1995ರಲ್ಲೇ ತೋರಿಸಿದಂತೆ, ಸಹಜವಾದ ಮಾತುಕತೆಯ ಗುಂಪು ಸುಮಾರು ನಾಲ್ಕು ಜನರಿಗೆ ನಿಲ್ಲುತ್ತದೆ. ಐದನೆಯವರು ಬಂದರೆ ಗುಂಪು ಒಡೆದು ಎರಡಾಗುತ್ತದೆ. ಒಂದೇ ಕೋಣೆಯಲ್ಲಿದ್ದರೆ ಪಕ್ಕಕ್ಕೆ ತಿರುಗಿ ಬೇರೆ ಮಾತು ಶುರು ಮಾಡಬಹುದು, ಕರೆಯಲ್ಲಿ ಅದು ಸಾಧ್ಯವಿಲ್ಲ. ಹಾಗಾಗಿ ಇಬ್ಬರು ಮಾತಾಡುತ್ತಾರೆ, ಉಳಿದವರು ನೋಡುತ್ತಾರೆ.

ಇನ್ನೊಂದು ಕಾರಣ ವಿಳಂಬ. ದನಿ ಒಂದು ಕಡೆಯಿಂದ ಇನ್ನೊಂದು ಕಡೆ ಮುಟ್ಟಲು 150 ಮಿಲಿಸೆಕೆಂಡ್ ಒಳಗಿದ್ದರೆ ಅರಿವಿಗೆ ಬರುವುದಿಲ್ಲ. ಅದನ್ನು ಮೀರಿದಂತೆಲ್ಲ ಇಬ್ಬರೂ ಒಟ್ಟಿಗೆ ಶುರು ಮಾಡುವುದು, ಇಬ್ಬರೂ ಒಟ್ಟಿಗೆ ನಿಲ್ಲಿಸುವುದು ನಡೆಯುತ್ತದೆ. ಬ್ಲೂಟೂತ್ ಇಯರ್‌ಫೋನ್ ಇದಕ್ಕೆ ಇನ್ನಷ್ಟು ವಿಳಂಬ ಸೇರಿಸುತ್ತದೆ, ತಂತಿಯದ್ದು ಸೇರಿಸುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಎರಡು ಎಣಿಸಿ, ಆಮೇಲಷ್ಟೇ ಮುಂದಿನ ಮಾತು.

ಆಚರಣೆಯಲ್ಲಿ ಹೀಗೆ ಮಾಡಬಹುದು: ಒಬ್ಬರು ನಡೆಸಿಕೊಡಲಿ. ಹೆಸರು ಹಿಡಿದು ಕರೆದು, ಒಬ್ಬೊಬ್ಬರಿಗೂ ಎರಡು ನಿಮಿಷ. ಕಡಿಮೆ ಮಾತಿನವರು ಮೊದಲು, ಯಾಕೆಂದರೆ ಕೊನೆಗೆ ಅವರ ಸರದಿ ಬರುವ ಹೊತ್ತಿಗೆ ಅರ್ಧ ಜನ ಎದ್ದಿರುತ್ತಾರೆ. "ಏನಾದರೂ ಹೇಳು" ಅನ್ನದೆ ಎಲ್ಲರಿಗೂ ಒಂದೇ ಪ್ರಶ್ನೆ ಮೊದಲೇ ಕಳಿಸಿಡಿ: "ಈ ತಿಂಗಳು ಹೊಸದಾಗಿ ಕಲಿತದ್ದು", "ಮನೆಯಲ್ಲಿ ಜಾಗ ಬದಲಾದ ಒಂದು ವಸ್ತು". ಒಂದೇ ಮನೆಯ ಇಬ್ಬರು ಬೇರೆ ಬೇರೆ ಫೋನಿನಿಂದ ಒಂದೇ ಕೋಣೆಯಲ್ಲಿ ಸೇರಿದರೆ ಕೀರಲು ಪ್ರತಿಧ್ವನಿ ಬರುತ್ತದೆ. ಒಂದು ಫೋನ್ ಸಾಕು, ಅಥವಾ ಒಂದರ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಬಂದ್ ಮಾಡಬೇಕು. ಮೈಕ್ ಮಾತ್ರ ಬಂದ್ ಮಾಡಿದರೆ ಸಾಲದು.

ಹೊತ್ತಿನ ಮಿತಿಯೂ ಗೊತ್ತಿರಲಿ. ಜೂಮ್‌ನ ಉಚಿತ ಕರೆ 40 ನಿಮಿಷಕ್ಕೆ, ಗೂಗಲ್ ಮೀಟ್‌ನ ಉಚಿತ ಗುಂಪು ಕರೆ 60 ನಿಮಿಷಕ್ಕೆ ಮುಗಿಯುತ್ತದೆ. ವಾಟ್ಸಾಪ್‌ನಲ್ಲಿ ಏಕಕಾಲಕ್ಕೆ 32 ಜನ. ನನ್ನ ಅಭಿಪ್ರಾಯದಲ್ಲಿ 40 ನಿಮಿಷ ಒಳ್ಳೆಯ ಮಿತಿಯೇ.

ಗಡಿಯಾರ
ದೇಶಗಳ ನಡುವೆ ವಾರದ ಕರೆ ನಿಗದಿ ಮಾಡುವವರಿಗೆ: ಮಾರ್ಚ್‌ನಲ್ಲಿ ಹೊತ್ತು ತಪ್ಪಿಹೋಗುವುದು ಸಾಮಾನ್ಯ. ಅಮೆರಿಕದ ಬಹುಪಾಲು ಕಡೆ ಬೇಸಿಗೆಗೆಂದು ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವುದು ಮಾರ್ಚ್‌ನ ಎರಡನೇ ಭಾನುವಾರ, ಹಿಂದಕ್ಕೆ ಬರುವುದು ನವೆಂಬರ್‌ನ ಮೊದಲ ಭಾನುವಾರ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ಗಳ ಕೊನೆಯ ಭಾನುವಾರ. ಮಾರ್ಚ್‌ನಲ್ಲಿ ಆ ನಡುವಿನ ಎರಡು ಮೂರು ವಾರ, ಅಕ್ಟೋಬರ್ ಕೊನೆಗೆ ಒಂದು ವಾರ ಇವೆರಡರ ಅಂತರ ಒಂದು ಗಂಟೆ ಕಡಿಮೆ ಇರುತ್ತದೆ. ಗಡಿಯಾರ ಬದಲಿಸದ ದೇಶದವರು ಸೇರಿದರೆ ಮೂವರದ್ದೂ ಬೇರೆ ಬೇರೆ ಲೆಕ್ಕ. ಆದ್ದರಿಂದ ಒಬ್ಬರ ಊರಿನ ಸಮಯವನ್ನು "ಯಜಮಾನ ಸಮಯ" ಅಂತ ಗೊತ್ತು ಮಾಡಿ, ಹೊತ್ತು ಹೊಂದಿಸಿಕೊಳ್ಳಲು ಹೆಚ್ಚು ಕಷ್ಟ ಇರುವವರದ್ದನ್ನೇ ಆರಿಸಿ. ಕ್ಯಾಲೆಂಡರ್‌ನಲ್ಲಿ ಆ ಊರಿನ ಸಮಯವಲಯ ಹಾಕಿ ಆಮಂತ್ರಣ ಕಳಿಸಿದರೆ ಉಳಿದವರ ಫೋನಿನಲ್ಲಿ ತಾನೇ ಸರಿಹೋಗುತ್ತದೆ.

ಹಳೆಗೆಳತಿ
ವರ್ಷಗಟ್ಟಲೆ ಮಾತೇ ಆಡದವರಿಗೆ ಮತ್ತೆ ಬರೆಯುವುದು ಹೇಗೆ? ಅಷ್ಟು ದಿನ ಬಿಟ್ಟು ಈಗ ಬರೆದರೆ ಏನೋ ಕೆಲಸ ಆಗಬೇಕಿದೆ ಅಂದುಕೊಳ್ಳುವುದಿಲ್ಲವೇ?

ಸಂಜೆಮಾತು
ಅಂದುಕೊಳ್ಳಬಹುದು. ಅದಕ್ಕೇ ಮೊದಲ ಮೆಸೇಜಿನಲ್ಲೇ ಆ ಅನುಮಾನ ತೆಗೆದುಬಿಡಿ. ನಾಲ್ಕೈದು ಸಾಲು ಸಾಕು: ಯಾಕೆ ನೆನಪಾದರು (ನಿರ್ದಿಷ್ಟವಾಗಿ, ಒಂದು ವಸ್ತು ಅಥವಾ ಒಂದು ಜಾಗ), ನಿಮ್ಮ ಈಗಿನ ಬದುಕು ಒಂದು ಸಾಲಿನಲ್ಲಿ, ಅವರ ಬಗ್ಗೆ ಒಂದು ಪ್ರಶ್ನೆ, ಕೊನೆಗೆ "ಯಾವ ಕೆಲಸಕ್ಕೂ ಅಲ್ಲ, ನೆನಪಾಯಿತು ಅಂತ ಬರೆದೆ. ಉತ್ತರಕ್ಕೆ ಅವಸರ ಇಲ್ಲ." ಇಷ್ಟು ದಿನ ಬರೆಯದ್ದಕ್ಕೆ ಒಂದು ಪುಟ ಕ್ಷಮೆ ಕೇಳಬೇಡಿ. ಕೇಳಿದರೆ ಅವರು ನಿಮ್ಮನ್ನು ಸಮಾಧಾನ ಮಾಡುವ ಕೆಲಸಕ್ಕೆ ಇಳಿಯಬೇಕಾಗುತ್ತದೆ. ಫಾರ್ವರ್ಡ್ ಚಿತ್ರ ಕಳಿಸಿ ಶುರು ಮಾಡುವುದಂತೂ ಬೇಡ.

ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗಗಳ ಸಾರ ಹೀಗಿದೆ: ಇಂಥ ಅನಿರೀಕ್ಷಿತ ಸಂಪರ್ಕ ಎದುರಿನವರಿಗೆ ಎಷ್ಟು ಖುಷಿ ಕೊಡುತ್ತದೆ ಅನ್ನುವುದನ್ನು ಬರೆಯುವವರು ಕಡಿಮೆ ಅಂದಾಜು ಮಾಡುತ್ತಾರೆ. ಉತ್ತರ ಬಂದ ಮೇಲೆ ಬೇಗ ದನಿಗೆ ಹೋಗಿ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2021ರಲ್ಲಿ ತೋರಿಸಿದಂತೆ, ಕರೆ ಮುಜುಗರ ಅಂತ ಜನ ಮೊದಲೇ ಎಣಿಸುತ್ತಾರೆ, ನಿಜದಲ್ಲಿ ಅಷ್ಟು ಮುಜುಗರ ಆಗುವುದಿಲ್ಲ, ಬರಹಕ್ಕಿಂತ ದನಿಯಲ್ಲಿ ಹತ್ತಿರವಾಗುತ್ತಾರೆ. ಉತ್ತರ ಬಾರದಿದ್ದರೆ ಒಂದೆರಡು ತಿಂಗಳು ಬಿಟ್ಟು ಇನ್ನೊಂದು ಬರೆಯಿರಿ. ಅದಕ್ಕೂ ಬಾರದಿದ್ದರೆ ನಿಲ್ಲಿಸಿ.

ಖುಷಿ ಸುದ್ದಿ ಬಂದಾಗ ಬರೀ "ಅಭಿನಂದನೆಗಳು" ಹಾಕಿ ಮುಗಿಸುವ ಬಗ್ಗೆಯೂ ಒಂದು ಮಾತು. ಶೆಲ್ಲಿ ಗೇಬಲ್ ಅವರ 2004ರ ಅಧ್ಯಯನದ ಪ್ರಕಾರ, ಒಳ್ಳೆಯ ಸುದ್ದಿಗೆ ಉತ್ಸಾಹದಿಂದ, ವಿವರ ಕೇಳುತ್ತ ಸ್ಪಂದಿಸುವ ಕಡೆ ಸಂಬಂಧ ಗಟ್ಟಿಯಾಗಿರುತ್ತದೆ. "ಯಾವಾಗ ಗೊತ್ತಾಯ್ತು? ಮೊದಲು ಯಾರಿಗೆ ಹೇಳಿದೆ?" ಅಂತ ಕೇಳಿ. ಆ ಗಳಿಗೆಯನ್ನು ಅವರು ಇನ್ನೊಂದು ಸಲ ಅನುಭವಿಸಲಿ. "ಒಳ್ಳೇದಾಯ್ತು, ಆದರೆ ಕೆಲಸ ಜಾಸ್ತಿ ಆಗುತ್ತಲ್ಲ?" ಅನ್ನುವ ಕಾಳಜಿಯ ಮಾತಿಗೆ ಅವತ್ತೇ ಅವಸರ ಬೇಡ.

ಶುಶ್ರೂಷೆ
ಕೆಟ್ಟ ಸುದ್ದಿಗೆ ಕ್ರಮ ಇದೆ. ವೈದ್ಯರಿಗಾಗಿ ಬೇಲ್, ಬಕ್‌ಮನ್ ಮತ್ತಿತರರು 2000ದಲ್ಲಿ ರೂಪಿಸಿದ ಸ್ಪೈಕ್ಸ್ ವಿಧಾನದ ಮುಖ್ಯ ಅಂಶಗಳು ಮನೆಯಲ್ಲೂ ಹೊಂದುತ್ತವೆ.

ತೀರಾ ಹತ್ತಿರದವರಿಗೆ ಮೊದಲು, ಕರೆಯಲ್ಲೇ. ಅವರೆಲ್ಲರಿಗೂ ಮುಟ್ಟುವ ತನಕ ಗ್ರೂಪಿಗೆ ಒಂದಕ್ಷರವೂ ಹೋಗಬಾರದು. ಕರೆ ಮಾಡಿದ ಕೂಡಲೇ ಕೇಳಬೇಕಾದದ್ದು: "ಎಲ್ಲಿದ್ದೀರಿ? ಗಾಡಿ ಓಡಿಸ್ತಾ ಇಲ್ಲ ತಾನೆ? ಜೊತೆಗೆ ಯಾರಿದ್ದಾರೆ?" ಓಡಿಸುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ ಕರೆ ಮಾಡಲು ಹೇಳಿ. ಆಮೇಲೆ ಒಂದು ಮುನ್ಸೂಚನೆ: "ಕೆಟ್ಟ ಸುದ್ದಿ ಹೇಳಬೇಕಾಗಿದೆ." ಒಂದು ಉಸಿರು ಬಿಡುವು. ಆಮೇಲೆ ನೇರ ಪದ. "ಸ್ವಲ್ಪ ಸೀರಿಯಸ್, ಬನ್ನಿ" ಅಂತ ಸುಳ್ಳು ಹೇಳಿ ಕರೆಸಿಕೊಳ್ಳುವುದು ದಯೆಯಂತೆ ಕಾಣಬಹುದು, ಆದರೆ ದಾರಿಯುದ್ದಕ್ಕೂ ಆಸೆ ಹೊತ್ತು ಬಂದವರಿಗೆ ಬಾಗಿಲಲ್ಲಿ ಸತ್ಯ ಗೊತ್ತಾಗುತ್ತದೆ, ಹೇಳಿದವರ ಮಾತಿನ ಮೇಲೆ ಮತ್ತೆ ನಂಬಿಕೆ ಬರುವುದು ಕಷ್ಟ. ಹೇಳಿದ ಮೇಲೆ ಸುಮ್ಮನಿರಿ. ಮೌನ ತುಂಬಲು ವೈದ್ಯಕೀಯ ವಿವರ ಸುರಿಯಬೇಡಿ, ಆ ಹೊತ್ತಿನಲ್ಲಿ ಅವು ತಲೆಗೆ ಹೋಗುವುದಿಲ್ಲ. ಅವರು ಕೇಳಿದಷ್ಟು ಹೇಳಿ, ಮುಂದಿನ ಒಂದು ಹೆಜ್ಜೆ ತಿಳಿಸಿ, ಎಷ್ಟು ಹೊತ್ತಿಗೆ ಮತ್ತೆ ಕರೆ ಮಾಡುತ್ತೀರಿ ಅಂತ ಹೇಳಿ ಇಡಿ.

ಆಸ್ಪತ್ರೆಯ ದಿನಗಳು ನಡೆಯುತ್ತಿದ್ದರೆ ಸುದ್ದಿ ಕೊಡಲು ಒಬ್ಬರನ್ನೇ ಗೊತ್ತು ಮಾಡಿ. ರೋಗಿಯ ಪಕ್ಕ ಕೂತವರಿಗೆ ಆ ಕೆಲಸ ಬೇಡ. "ದಿನಾ ಸಂಜೆ ಏಳಕ್ಕೆ ಗ್ರೂಪಿನಲ್ಲಿ ಹಾಕ್ತೀವಿ" ಅಂತ ತಿಳಿಸಿದರೆ ಬಿಡಿ ಕರೆಗಳು ಬಹಳ ಕಡಿಮೆಯಾಗುತ್ತವೆ. ಮೆಸೇಜಿನ ಒಳಗೇ ತಾರೀಖು, ಹೊತ್ತು ಬರೆಯಿರಿ. ಫಾರ್ವರ್ಡ್ ಆದಾಗ ಕಾಣುವುದು ಫಾರ್ವರ್ಡ್ ಮಾಡಿದ ಹೊತ್ತು, ಹಾಗಾಗಿ ಮಂಗಳವಾರದ "ಐಸಿಯುನಲ್ಲಿದ್ದಾರೆ" ಗುರುವಾರ ಯಾರನ್ನೋ ಗಾಬರಿಪಡಿಸುತ್ತದೆ. ಎಲ್ಲಕ್ಕೂ ಮೊದಲು, ರೋಗಿಗೆ ಎಚ್ಚರ ಇದ್ದರೆ ಯಾರಿಗೆ ಎಷ್ಟು ಹೇಳಬಹುದು ಅಂತ ಅವರನ್ನೇ ಕೇಳಿ.

ಧ್ವನಿಪೆಟ್ಟಿಗೆ
ಗ್ರೂಪ್ ಇದ್ದ ಮೇಲೆ ಇಷ್ಟೆಲ್ಲ ಬೇಕಾ ಅಂತ ಕೆಲವರು ಕೇಳ್ತಾರೆ. ನಲವತ್ತು ಜನರ ಎದುರು ಯಾರೂ ಕಷ್ಟದ ಮಾತು ಆಡಲ್ಲ. ಗ್ರೂಪು ಫೋಟೊಗೆ, ತಾರೀಖಿಗೆ ಒಳ್ಳೇದು. ಸ್ಟೇಟಸ್ 24 ಗಂಟೆಗೆ ಹೋಗುತ್ತೆ, ನೋಡಿದವರು "ಮಾತಾಡಿದ ಹಾಗೇ ಆಯ್ತು" ಅಂದ್ಕೊಂಡು ಕರೆಯನ್ನೇ ಬಿಡ್ತಾರೆ. ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ (ಒಂದೇ ಮೆಸೇಜನ್ನ ಹಲವರಿಗೆ ಬೇರೆ ಬೇರೆಯಾಗಿ ಕಳಿಸೋದು) ಬಳಸೋರು ಗಮನಿಸಿ: ನಿಮ್ಮ ನಂಬರ್ ಸೇವ್ ಮಾಡ್ಕೊಂಡವರಿಗೆ ಮಾತ್ರ ಅದು ತಲುಪುತ್ತೆ. "ಕಳಿಸಿದ್ದೆನಲ್ಲ" ಅನ್ನೋ ಜಗಳಕ್ಕೆ ಇದೂ ಒಂದು ಮೂಲ.

ಫೋಟೊ ಜೊತೆ ಯಾರು, ಎಲ್ಲಿ, ಯಾವಾಗ ಅಂತ ಒಂದು ಸಾಲು ಬರೀರಿ. ಮಾಮೂಲಿ ರೀತಿಯಲ್ಲಿ ಕಳಿಸಿದ ಫೋಟೊದಿಂದ ತೆಗೆದ ತಾರೀಖು, ಜಾಗದ ಮಾಹಿತಿ ಅಳಿಸಿಹೋಗುತ್ತೆ. ಅದು ಉಳೀಬೇಕಂದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ. ಹಿರಿಯರ ದನಿ ಇರೋ ನೋಟ್ ಇದ್ರೆ ಫೋನಿನಿಂದ ಆಚೆಗೂ ಒಂದು ಪ್ರತಿ ತೆಗೆದಿಡಿ. ಆ ಚಾಟ್‌ನಲ್ಲಿ ಮೆಸೇಜ್ ತಾನಾಗೇ ಮಾಯವಾಗೋ ಆಯ್ಕೆ (24 ಗಂಟೆ, 7 ದಿನ, 90 ದಿನ) ಚಾಲೂ ಇದ್ರೆ ಧ್ವನಿಯೂ ಹೋಗುತ್ತೆ, ಮೊದಲು ಅದನ್ನ ನೋಡ್ಕೊಳ್ಳಿ.

ಹಳೆಗೆಳತಿ
ಎಷ್ಟು ಕೇಳಿದರೂ ಎರಡೇ ಮಾತಿಗೆ ಮುಗಿಸುವವರು ಇರುತ್ತಾರಲ್ಲ, ಅವರ ಜೊತೆ?

ಒಟ್ಟುಬಳಗ
ಎದುರುಬದುರು ಕೂತು ಮಾತಾಡುವುದೇ ಕೆಲವರಿಗೆ ಭಾರ. ಅವರಿಗೆ ವೀಡಿಯೊ ಬೇಡ, ಕೈಗೊಂದು ಕೆಲಸ ಇರಲಿ. ಇಬ್ಬರೂ ವಾಕಿಂಗ್ ಮಾಡುವ ಹೊತ್ತಿಗೆ, ಬಟ್ಟೆ ಮಡಿಸುವ ಹೊತ್ತಿಗೆ ಕರೆ ಮಾಡಿ. ನಡುವೆ ಅರ್ಧ ನಿಮಿಷ ಸುಮ್ಮನಿದ್ದರೂ ನಡೆಯುತ್ತದೆ. ಮಕ್ಕಳಿಗೂ ಇದೇ ದಾರಿ: "ತಾತನ ಹತ್ರ ಮಾತಾಡು" ಅಂದರೆ ಓಡಿಹೋಗುತ್ತಾರೆ, "ನೀನು ಕಟ್ಟಿದ್ದನ್ನ ತಾತನಿಗೆ ತೋರಿಸು" ಅಂದರೆ ಐದು ನಿಮಿಷ ಕೂರುತ್ತಾರೆ.

ಮಿತಭಾಷಿಗಳನ್ನು ಸುದ್ದಿ ಕೇಳುವುದಕ್ಕಿಂತ ಸಲಹೆ ಕೇಳಿ. "ಈ ಕುರ್ಚಿಯ ಕಾಲು ಅಲ್ಲಾಡ್ತಿದೆ, ಅಂಟು ಹಾಕಲಾ, ಸ್ಕ್ರೂ ಹಾಕಲಾ?" ಉತ್ತರದ ಜೊತೆಗೆ ಅವರ ದಿನವೂ ಹೊರಗೆ ಬರುತ್ತದೆ. ಕರೆ ಇಡುವ ಮುಂಚೆ "ಮತ್ತೆ ಮಾಡ್ತೀನಿ" ಅನ್ನುವ ಬದಲು "ಗುರುವಾರ ರಾತ್ರಿ ಮಾಡ್ತೀನಿ, ಕುರ್ಚಿ ನಿಲ್ತಾ ಅಂತ ಹೇಳ್ತೀನಿ" ಅನ್ನಿ. ಗುರುವಾರ ಆಗದಿದ್ದರೆ ಅವತ್ತೇ ಒಂದು ಸಾಲು ಬರೆದು ಬೇರೆ ದಿನ ಹೇಳಿಬಿಡಿ.